ನೀರಿನ ಟಾಂಕಿಯ ಏಣಿಯಲ್ಲಿ ನಿತೇಶ

ನೌಕಾಪಡೆಯ ತರಬೇತಿ ಹಾರಾಟದಲ್ಲಿ ವಿಮಾನ ಅಪಘಾತಕ್ಕೀಡಾಗಿ ನನ್ನ ಬಾಲ್ಯದ ಗೆಳೆಯ ನಿತೇಶ ತೀರಿಕೊಂಡ. ಸುದ್ದಿ ತಿಳಿಸಿದವರು ಅವನ ಅಮ್ಮ, ಸುಮತಿ ಆಂಟಿ.

“ಶ್ರದ್ಧಾಂಜಲಿ ಸಭೆಯಲ್ಲಿ ನೀನು ಮಾತಾಡು. ಅವನಿಗೆ ಹೆದರಿಕೆಯೇ ಇರ್ಲಿಲ್ಲ ಅಂತ ಮಾತ್ರ ಹೇಳ್ಬೇಡ ಮಾರಾಯ,” ಎಂದರು.

ಹೆದರಿಕೆ ಇತ್ತು. ನಾವು ಬೆಳೆದ ಕಳವಾ ಎಂಬ ಊರಿನ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ನೀರು ಬಂತೇ ಎಂದು ಟೆರೇಸಿನ ಟಾಂಕಿ ಹತ್ತಿ ನೋಡುವುದು ಮಕ್ಕಳ ಕೆಲಸ, ಪಾಳಿಯ ಮೇಲೆ. ತುಕ್ಕು ಹಿಡಿದ ಏಣಿಯ ನಡುವೆ ನಿತೇಶನ ಕಾಲು ನಡುಗುತ್ತಿತ್ತು.

“ಡರಪೋಕ್, ಇಳಿ! ನಾನು ಹತ್ತುತ್ತೇನೆ,” ಎಂದು ಕೆಣಕುತ್ತಿದ್ದೆ.

“ಇವತ್ತು ನನ್ನ ಪಾಳಿ. ನೀನು ಸುಮ್ನೆ ಏಣಿ ಹಿಡ್ಕೋ.”

ಹತ್ತಿ, ಮುಚ್ಚಳ ಸರಿಸಿ, “ಪಾಣೀ ಆಲಂ!” ನೀರು ಬಂತು ಎಂದು ಮರಾಠಿಯಲ್ಲಿ ಇಡೀ ಚಾಳಿಗೆ ಕೇಳುವಂತೆ ಕೂಗುತ್ತಿದ್ದ. ಇಳಿದಾಗ ಅಂಗೈ ಬೆವರಿನಿಂದ ಒದ್ದೆಯಾಗಿರುತ್ತಿತ್ತು. ಆದರೂ ಒಂದು ಪಾಳಿಯನ್ನೂ ತಪ್ಪಿಸಲಿಲ್ಲ.

ಇದನ್ನೇ ಹೇಳುತ್ತೇನೆ. ಸಭೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಡೊಂಬಿವಲಿಯಲ್ಲಿ, ಆಂಟಿ ಈಗಿರುವ ಕಟ್ಟಡದ ಹಾಲ್‌ನಲ್ಲಿ.