ಸರ್ವರ್ ಬಂದ್ ಮಾಡಿದ ಬೆಳಿಗ್ಗೆ

ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವವರ ಪೈಕಿ ನಾನು. ಗದಗ ಜಿಲ್ಲೆಯಾಗಿ ಕೆಲವೇ ವರ್ಷವಾಗಿತ್ತು. ಬೆಟಗೇರಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಮುಂಡರಗಿಯ ರೋಗಿಗಳು ಯಾವ ಕೋಣೆಗೆ, ಶಿರಹಟ್ಟಿಯವರು ಯಾವ ಕೋಣೆಗೆ ಎಂಬುದೆಲ್ಲ ಸರ್ವರಿಗೆ ಸೂಚನೆ ಬರೆದಿಡುವ ಒಂದು ಕಾನ್ಫಿಗ್ ಫೈಲಿನಲ್ಲಿರುತ್ತಿತ್ತು. ಅದನ್ನು ತಿದ್ದಿದರೆ ಸರ್ವರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಬೇಕು. ಆಗ ಚೀಟಿಯಿಲ್ಲದೆ ಕಂಪ್ಯೂಟರಿನಲ್ಲಷ್ಟೇ ಇರುತ್ತಿದ್ದ ಅಂದಿನ ಸರದಿ ನಂಬರುಗಳೆಲ್ಲ ಅಳಿಸಿಹೋಗುತ್ತಿದ್ದವು. ಹಾಗಾಗಿ ಆ ಕೆಲಸ ಸಂಜೆ, ಎಲ್ಲರೂ ಹೋದ ಮೇಲೆ.

ಹೊಂಬಳದಿಂದ ಬಸ್ಸಿಗೆ ಬರುತ್ತಿದ್ದ ಹೊಸ ಸಹೋದ್ಯೋಗಿ ಇದನ್ನು ಬದಲಿಸಿದಳು. ಫೈಲ್ ತಿದ್ದಿದರೆ ಸಾಕು, ಬಂದ್ ಮಾಡುವುದೇ ಬೇಡ, ಸರ್ವರ್ ತಾನೇ ಓದಿಕೊಳ್ಳುತ್ತದೆ ಎಂದಳು. ನನಗೆ ಚೂರೂ ನಂಬಿಕೆ ಬರಲಿಲ್ಲ. ಯಾರಿಗೂ ಗೊತ್ತಾಗದಂತೆ ಬದಲಾಗುವುದನ್ನು ನಂಬುವುದಾದರೂ ಹೇಗೆ? ನಾಳೆ ಇವಳು ಇನ್ನೇನೇನು ಬದಲಿಸಿಟ್ಟಾಳೋ ಎಂದೂ ಅನ್ನಿಸಿತು.

ಒಂದು ಬೆಳಿಗ್ಗೆ ವೈದ್ಯರೊಬ್ಬರು ರಜೆ ಹಾಕಿದರು. ಫೈಲ್ ತಿದ್ದಿ, ಲಕ್ಷ್ಮೇಶ್ವರದವರನ್ನು ಎರಡನೇ ಕೋಣೆಗೆ ಹಾಕಿ ಅವಳು ಚಹಾಕ್ಕೆ ಹೋದಳು. ನನ್ನ ಪರದೆಯ ಮೇಲೆ ಮಾತ್ರ ಇನ್ನೂ ಹಳೆಯ ಕೋಣೆಯೇ ಕಾಣುತ್ತಿತ್ತು. ನನಗೆ ಮೊದಲೇ ಗೊತ್ತಿತ್ತು ಎಂದುಕೊಂಡು, ಒಳಗೊಳಗೇ ಖುಷಿಪಡುತ್ತ, ಸರ್ವರ್ ಬಂದ್ ಮಾಡಿ ಚಾಲೂ ಮಾಡಿದೆ. ಕೋಣೆ ಬದಲಾಯಿತು. ಎಲ್ಲರ ಸರದಿಯೂ ಅಳಿಸಿಹೋಯಿತು.

ಅಂದು ಶಸ್ತ್ರಚಿಕಿತ್ಸೆಗೆ ಉಳಿದಿದ್ದುದು ಒಬ್ಬರಿಗೆ ಮಾತ್ರ ಜಾಗ. ಲಕ್ಷ್ಮೇಶ್ವರದ ಬಳೆ ವ್ಯಾಪಾರಿ, ವಯಸ್ಸಾದ ಸಾಹೇಬರೊಬ್ಬರು, ಅದು ತಮ್ಮ ಸರದಿ ಎಂದರು. ನೀವೇ ಮೊದಲೆಂಬುದಕ್ಕೆ ಏನು ಗುರುತು ಎಂದು ಕೇಳಿಬಿಟ್ಟೆ. ತಪ್ಪು ನನ್ನದು, ದಬಾಯಿಸಿದ್ದು ಅವರನ್ನು.

"ನನಗ ಕಣ್ಣ ಕಾಣಂಗಿಲ್ಲರಿ. ಹಿಂದ ನಿಂತವರನ್ನ ಕೇಳ್ರಿ," ಎಂದರು.

ಹಿಂದೆ ನಿಂತಿದ್ದ ಶಿರಹಟ್ಟಿಯ ಹೆಂಗಸೂ ಶಸ್ತ್ರಚಿಕಿತ್ಸೆಗೇ ಬಂದವಳು. ತಾನೇ ಮೊದಲು ಎಂದಿದ್ದರೆ ಆ ಜಾಗ ಅವಳಿಗೇ ಸಿಗುತ್ತಿತ್ತು.

"ಅಜ್ಜಾರ ಮೊದಲ ಬಂದಾರ್ರಿ. ನಾ ನಾಳಿ ಬರ್ತೀನಿ," ಎಂದು ಚೀಲ ಎತ್ತಿಕೊಂಡಳು. ಸಾಹೇಬರನ್ನು ಒಳಗೆ ಕಳಿಸಿದೆ.

ಸಹೋದ್ಯೋಗಿ ಚಹಾ ಮುಗಿಸಿ ಬಂದು ಸರ್ವರಿನ ದಾಖಲೆ ತೆಗೆದು ನೋಡಿದಳು. ನಾನು ಬಂದ್ ಮಾಡುವ ಮೊದಲೇ ಅದು ಹೊಸ ಫೈಲ್ ಓದಿಕೊಂಡಿತ್ತು. ಹಳೆಯದಾಗಿದ್ದುದು ನಾನು ಮತ್ತೆ ತೆರೆದು ನೋಡದ ನನ್ನ ಪರದೆಯ ಪುಟವಷ್ಟೇ. ದಾಖಲೆಯ ಆ ಸಾಲನ್ನು ಬೆರಳಿಟ್ಟು ನನಗೆ ತೋರಿಸಿದಳು.

"ನಿಮಗ ನಂಬಿಕಿ ಇಲ್ಲದ್ದು ಸರ್ವರ್ ಮ್ಯಾಲೋ, ನನ್ನ ಮ್ಯಾಲೋ?" ಎಂದು ಕೇಳಿದಳು.

ಸರ್ವರಿನ ಮೇಲೆ ಎಂದು ಸುಳ್ಳು ಹೇಳಿದೆ.