ಮಗಳಿಗೆ ಸಿಗದ ನಾಲ್ಕನೇ ವರ್ಷ

ನನ್ನ ಮಗಳು ಓದಿದ್ದು ಐರ್ಲೆಂಡಿನ ಕಾರ್ಕ್ ನಗರದ ಅಂಚಿನ ಒಂದು ದೊಡ್ಡ ಶಾಲೆಯಲ್ಲಿ. ಸಾವಿರಕ್ಕೂ ಮೀರಿದ ಮಕ್ಕಳು. ಪೇರೆಂಟ್ಸ್ ಮೀಟಿಂಗಿಗೆ ಹೋದಾಗಲೆಲ್ಲ ನಾನು ಕಾರಿಡಾರಿನಲ್ಲಿ ದಾರಿ ತಪ್ಪಿ ಸ್ಟಾಫ್ ರೂಮಿನ ಬಾಗಿಲು ತಟ್ಟುತ್ತಿದ್ದೆ. ಲಾಕರುಗಳ ಮೇಲೆ ಹರ್ಲಿಂಗ್ ಎಂಬ ಇಲ್ಲಿನ ಚೆಂಡಾಟದ ಕೋಲುಗಳು, ಎಲ್ಲೆಲ್ಲೂ ಒದ್ದೆ ಕೋಟುಗಳ ವಾಸನೆ. ಬಹಳ ಹಿಂದೆ ಮೂರು ಶಾಲೆಗಳನ್ನು ಕೂಡಿಸಿ ಇದೊಂದನ್ನು ಮಾಡಿದ್ದಂತೆ: ಸಿಸ್ಟರುಗಳು ನಡೆಸುತ್ತಿದ್ದ ಹುಡುಗಿಯರ ಕಾನ್ವೆಂಟು, ಕ್ರೈಸ್ತ ಮಠದ ಬ್ರದರುಗಳ ಹುಡುಗರ ಶಾಲೆ, ಮರಗೆಲಸ ಮತ್ತು ವೆಲ್ಡಿಂಗ್ ಕಲಿಸುತ್ತಿದ್ದ ಇನ್ನೊಂದು. ಮೂರೂ ಕಡೆಯವರು ಒಬ್ಬರನ್ನೊಬ್ಬರು ಕಂಡರೆ ಮೂಗು ಮುರಿಯುತ್ತಿದ್ದರಂತೆ. ಕಾನ್ವೆಂಟಿನಿಂದ ಬಂದ ಮೇರಿಯಮ್ಮನ ಪ್ರತಿಮೆ ಈಗಲೂ ಲೈಬ್ರರಿಯ ಮೂಲೆಯಲ್ಲಿದೆ, ಮರಗೆಲಸದ ಬೆಂಚುಗಳ ಮೇಲೆ ಈಗ ಅಜ್ಜಂದಿರಾದವರು ಕೊರೆದ ಹೆಸರುಗಳಿವೆ.

ಇದೆಲ್ಲ ನನಗೆ ಗೊತ್ತಾದದ್ದು ಮಗಳಿಂದ. ಇತಿಹಾಸದ ಟೀಚರ್ ಎಂದರೆ ಅವಳಿಗೆ ಪ್ರಾಣ. ಶಾಲೆಯಿಂದ ಬಂದು ಬ್ಯಾಗು ಎಸೆದವಳೇ ಆ ಟೀಚರ್ ಹಾಗಂದರು, ಹೀಗಂದರು ಎಂದು ತನ್ನ ಐರಿಶ್ ಇಂಗ್ಲಿಷಿನಲ್ಲಿ ಶುರು ಮಾಡುತ್ತಿದ್ದಳು. ನಾನು ಕುಕ್ಕರಿನ ಸೀಟಿ ಎಣಿಸುತ್ತಾ ಹ್ಞೂಂ ಅನ್ನುತ್ತಿದ್ದೆ.

ಇಲ್ಲಿ ಹೈಸ್ಕೂಲಿನ ಮೂರನೇ ವರ್ಷಕ್ಕೂ ಕೊನೆಯ ಎರಡು ವರ್ಷಗಳ ಓದಿಗೂ ನಡುವೆ ಟ್ರಾನ್ಸಿಷನ್ ಇಯರ್ ಎಂಬ ನಾಲ್ಕನೇ ವರ್ಷವೊಂದಿದೆ. ದೊಡ್ಡ ಪರೀಕ್ಷೆಯಿಲ್ಲ. ಮಕ್ಕಳು ನಾಟಕ ಆಡುತ್ತಾರೆ, ಬೆಟ್ಟ ಹತ್ತುತ್ತಾರೆ, ಎರಡು ವಾರ ಎಲ್ಲಾದರೂ ಕೆಲಸ ಮಾಡಿ ನೋಡುತ್ತಾರೆ. ಬೇಕಾದವರು ಸೇರಬಹುದು, ಬೇಡವಾದವರು ನೇರ ಐದನೇ ವರ್ಷಕ್ಕೆ ಹೋಗಬಹುದು. ನಮ್ಮ ಶಾಲೆಯಲ್ಲಿ ಇದ್ದ ಸೀಟಿಗಿಂತ ಕೇಳುವವರು ಹೆಚ್ಚು, ಆದ್ದರಿಂದ ಅರ್ಜಿ, ಇಂಟರ್‌ವ್ಯೂ ಎಲ್ಲ ಇತ್ತು. ಆ ಸಲ ನಾಲ್ಕನೇ ವರ್ಷದವರಿಗೆ ಶಾಲೆಯ ಚರಿತ್ರೆ ಸಂಗ್ರಹಿಸುವ ಕೆಲಸವನ್ನು ಇತಿಹಾಸದ ಟೀಚರ್ ವಹಿಸಿಕೊಂಡಿದ್ದರು. ಹಳೆಯ ವಿದ್ಯಾರ್ಥಿಗಳ ಮನೆಗೆ ಹೋಗಿ ಅವರ ಮಾತು ರೆಕಾರ್ಡ್ ಮಾಡುವುದು. ಮಗಳು ಅದಕ್ಕಾಗಿ ಹುಚ್ಚೆದ್ದು ಕುಣಿದಳು.

ನಮ್ಮ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಮಾತ್ರ ಒಂದೇ ತೀರ್ಪು: ಶುದ್ಧ ವೇಸ್ಟ್. ನನಗೂ ಅದೇ ಅನ್ನಿಸಿತು. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗಳು ಇವಳ ಓರಗೆಯವಳು. ಅವಳು ಪಿಯುಸಿ ಓದುವ ಹೊತ್ತಿನಲ್ಲಿ ಇವಳು ನಾಟಕದ ಪರದೆ ಎಳೆಯುತ್ತಿರಬೇಕೆ? ಗಂಡ, "ಅವಳನ್ನೇ ಕೇಳು, ಓದೋಳು ಅವಳು ತಾನೆ," ಅಂದ. ನಾನು ಕೇಳಲಿಲ್ಲ. ಹೇಗೂ ಸಿಗುವುದಿಲ್ಲ ಎಂದುಕೊಂಡು ಅರ್ಜಿಗೆ ಸಹಿ ಹಾಕಿಬಿಟ್ಟೆ.

ಸಿಕ್ಕಿತು. ಊರ ಹೊರಗೆ ಲಿಟಲ್ ಐಲ್ಯಾಂಡ್ ಎಂಬಲ್ಲಿನ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮೊಸರನ್ನ ತಿನ್ನುತ್ತಿದ್ದಾಗ ಶಾಲೆಯ ಆ್ಯಪಿನಲ್ಲಿ ಸಂದೇಶ ಬಂತು. ನಿಮ್ಮ ಮಗಳಿಗೆ ಸೀಟು ಕೊಟ್ಟಿದ್ದೇವೆ, ಒಪ್ಪಿಗೆಯೋ ಇಲ್ಲವೋ ತಿಳಿಸಿ. ನನಗೊಂದು ಸೀಟು ಕೊಡಿಸಲು ನಮ್ಮಪ್ಪ ಕಾಲೇಜೊಂದರ ಪ್ರಿನ್ಸಿಪಾಲರ ಕೋಣೆಯ ಹೊರಗೆ ಮೂರು ದಿನ ಕೈಕಟ್ಟಿ ನಿಂತಿದ್ದರು. ಅವರ ಮಗಳಾದ ನಾನು ಚಮಚ ಕೆಳಗಿಟ್ಟು, ಬೇಡ ಎಂಬಲ್ಲಿ ಒತ್ತಿದೆ. ಆಮೇಲೆ ಲ್ಯಾಬಿಗೆ ಹೋಗಿ, ಒಂದಂಕಿ ತಪ್ಪಿದರೂ ಕೆಲಸ ಹೋಗುವಂಥ ದಾಖಲೆಗಳಿಗೆ ಪ್ರಾಮಾಣಿಕವಾಗಿ ಸಹಿ ಹಾಕಿದೆ.

ಮಗಳಿಗೆ, "ಸೀಟು ಸಿಗ್ಲಿಲ್ಲ ಪುಟ್ಟಾ," ಅಂದೆ. ಗಂಡನಿಗೂ ಅದನ್ನೇ ಹೇಳಿದೆ.

ನಾನೇ ಬೇಡ ಅಂದೆ ಎಂದಿದ್ದರೆ ಜಗಳ ವರ್ಷಗಟ್ಟಲೆ ನಡೆಯುತ್ತಿತ್ತು. ಸಿಗಲಿಲ್ಲ ಎಂದರೆ ಎರಡು ದಿನ ಅತ್ತು ಸುಮ್ಮನಾಗುತ್ತಾಳೆ. ಇದು ನನ್ನ ಲೆಕ್ಕಾಚಾರ. ಲೆಕ್ಕ ಸರಿಯಾಗಿಯೇ ಇತ್ತು, ಎರಡು ದಿನವೇ ಅತ್ತಳು. ಮೂರನೇ ದಿನ, ಇಂಟರ್‌ವ್ಯೂನಲ್ಲಿ ತಾನು ಏನು ತಪ್ಪು ಹೇಳಿರಬಹುದು ಎಂದು ನನ್ನನ್ನೇ ಕೇಳಿದಳು. ಇಂಟರ್‌ವ್ಯೂ ಮಾಡಿದ ಇತಿಹಾಸದ ಟೀಚರ್ ನಗುತ್ತಿದ್ದರಂತೆ, ಎಲ್ಲ ಚೆನ್ನಾಗಿಯೇ ಹೋಯಿತು ಅನ್ನಿಸಿತ್ತಂತೆ. "ಬಿಡು, ಜಾಸ್ತಿ ಮಾತಾಡಿರ್ತೀಯ," ಅಂದೆ. ಇದನ್ನು ಬರೆಯುವಾಗ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅವಳು ಮಾತು ಕಡಿಮೆ ಮಾಡಿದಳು. ಗೆಳತಿಯರೆಲ್ಲ ನಾಲ್ಕನೇ ವರ್ಷಕ್ಕೆ ಹೋದರು, ಇವಳೊಬ್ಬಳೇ ಐದಕ್ಕೆ. ಆಯ್ಕೆಯ ವಿಷಯಗಳಲ್ಲಿ ಇತಿಹಾಸ ಬಿಟ್ಟು ಕೆಮಿಸ್ಟ್ರಿ ತೆಗೆದುಕೊಂಡಳು. ನಾನೋ, ಬುದ್ಧಿ ಬಂತು ಎಂದು ಹಿಗ್ಗಿ ತಂಗಿಗೆ ಫೋನ್ ಮಾಡಿದೆ. ಮಾರನೇ ವರ್ಷ ಪ್ರಿಫೆಕ್ಟ್, ಅಂದರೆ ವಿದ್ಯಾರ್ಥಿ ನಾಯಕಿ, ಆಗಲು ಅರ್ಜಿ ಹಾಕು ಎಂದರೆ, ಇಂಟರ್‌ವ್ಯೂ ಇರುತ್ತೆ, ನನ್ನನ್ನು ಅವರು ತಗೊಳ್ಳಲ್ಲ ಎಂದಳು. ಪರೀಕ್ಷೆ ಮುಗಿಯಲಿ, ಆಮೇಲೆ ನಿಜ ಹೇಳೋಣ ಎಂದು ನನಗೆ ನಾನೇ ವಾಯಿದೆ ಕೊಟ್ಟುಕೊಂಡೆ.

ಅವಳ ಕೊನೆಯ ವರ್ಷದ ವಸಂತದಲ್ಲಿ, ಸಂಗ್ರಹಿಸಿದ ಚರಿತ್ರೆಯ ಪ್ರದರ್ಶನವನ್ನು ಶಾಲೆಯ ಸ್ಪೋರ್ಟ್ಸ್ ಹಾಲಿನಲ್ಲಿ ಇಟ್ಟಿದ್ದರು. ಕಾನ್ವೆಂಟಿನ ಹಳೆಯ ಯೂನಿಫಾರ್ಮು, ಬ್ರದರುಗಳು ಹುಡುಗರಿಗೆ ಹೊಡೆಯುತ್ತಿದ್ದ ಚರ್ಮದ ಪಟ್ಟಿ, ಹೆಡ್‌ಫೋನ್ ಹಾಕಿಕೊಂಡರೆ ಅಜ್ಜಿಯರ ದನಿ. ಮಗಳು ದೂರದಲ್ಲಿ ಒಂದೊಂದನ್ನೇ ಕೇಳುತ್ತ ನಿಂತಿದ್ದಳು. ಟೀ ಮೇಜಿನ ಬಳಿ ಇತಿಹಾಸದ ಟೀಚರ್ ನನ್ನ ಹತ್ತಿರ ಬಂದರು. ನಮ್ಮ ಪಟ್ಟಿಯಲ್ಲಿ ಮೊದಲ ಹೆಸರೇ ನಿಮ್ಮ ಮಗಳದ್ದು, ನೀವು ಬೇಡ ಅಂದಾಗ ತುಂಬಾ ಬೇಜಾರಾಯಿತು ಎಂದರು. ನಾನು ತಲೆಯಾಡಿಸಿದೆ. ಅವರು ದನಿ ತಗ್ಗಿಸಿ ಕೇಳಿದರು: "ಎರಡು ವರ್ಷದಿಂದ ಅವಳು ನನ್ನನ್ನು ಕಂಡರೆ ಬೇರೆ ಕಾರಿಡಾರಿಗೆ ತಿರುಗಿ ಹೋಗುತ್ತಾಳೆ. ಇಂಟರ್‌ವ್ಯೂ ದಿನ ನಾನೇನಾದರೂ ಅವಳ ಮನಸ್ಸಿಗೆ ನೋವಾಗುವಂತೆ ಮಾತಾಡಿದೆನೇ?"

ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇಲ್ಲ, ತಪ್ಪು ನಿಮ್ಮದಲ್ಲ, ನನ್ನದು ಎಂದಷ್ಟೇ ಹೇಳಿ ಹೊರಗೆ ಬಂದೆ.

ಮಗಳಿಗೆ ಹೇಳಿದ್ದು ಪಾರ್ಕಿಂಗ್‌ನಲ್ಲಿ, ಕಾರಿನೊಳಗೆ. ಆ್ಯಪಿನ ಹಳೆಯ ಸಂದೇಶವನ್ನೂ ತೆಗೆದು ತೋರಿಸಿದೆ. ಕೂಗಾಡುತ್ತಾಳೆ ಎಂದು ಕಾದೆ. ಅವಳು ಅದನ್ನು ಎರಡು ಸಲ ಓದಿ ಫೋನನ್ನು ನನ್ನ ತೊಡೆಯ ಮೇಲಿಟ್ಟಳು.

"ನಂಗೆ ಸಿಗ್ಲಿಲ್ಲ ಅಂತ ನೀನು ಹೇಳಿದ್ದರಲ್ಲಿ, ನಿಜವಾಗ್ಲೂ ಇನ್ನೇನೇನು ಸಿಕ್ಕಿತ್ತು ಅಮ್ಮಾ?"

"ಇದೊಂದೇ ಕಣೇ. ದೇವ್ರಾಣೆ ಇದೊಂದೇ."

ಅದು ನಿಜ. ಅವಳು ನಂಬಲಿಲ್ಲ, ನಂಬು ಎನ್ನುವ ಮುಖ ನನಗಿರಲಿಲ್ಲ. ಕಾರಿನಿಂದಿಳಿದು ಮತ್ತೆ ಹಾಲಿನೊಳಗೆ ಹೋದಳು. ಮುಕ್ಕಾಲು ಗಂಟೆ ಬಿಟ್ಟು ಹೊರಗೆ ಬಂದಾಗ ಟೀಚರ್ ಜೊತೆಗಿದ್ದರು. ಇಬ್ಬರೂ ಅತ್ತಿದ್ದರು. ನಾನು ಕಿಟಕಿ ಇಳಿಸಿದೆ. ಟೀಚರ್ ನನ್ನತ್ತ ಕೈ ಬೀಸಿದರು, ಮಗಳು ಹಿಂದಿನ ಸೀಟಿನಲ್ಲಿ ಕೂತಳು.

ಆ ವಾರವೇ ಅವಳು ಕಾಲೇಜಿನ ಆನ್‌ಲೈನ್ ಅರ್ಜಿಯ ಪಾಸ್‌ವರ್ಡ್ ಬದಲಿಸಿದಳು. ಯಾವ ಕೋರ್ಸು ಹಾಕಿದ್ದಾಳೆ, ಯಾವುದು ತೆಗೆದಿದ್ದಾಳೆ ನನಗೆ ಗೊತ್ತಿರಲಿಲ್ಲ. ಆಗಸ್ಟಿನಲ್ಲಿ ಸೀಟು ಹಂಚಿದ ದಿನ ಬೆಳಿಗ್ಗೆಯೇ ಎದ್ದು, ಟೀಚರಿಗೆ ಹೇಳಿ ಬರುತ್ತೇನೆಂದು ಶಾಲೆಗೆ ಹೋದಳು. ಏನು ಸಿಕ್ಕಿತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಸಂಜೆ ಊಟಕ್ಕೆ ಕೂತಾಗ, ಇತಿಹಾಸ ಓದಲು ಸೀಟು ಸಿಕ್ಕಿದೆ ಎಂದು ಅಪ್ಪನ ಕಡೆ ತಿರುಗಿ ಹೇಳಿದಳು. ನಾನೂ ಅಲ್ಲೇ ಇದ್ದೆ, ಅವಳ ತಟ್ಟೆಗೆ ಅನ್ನ ಬಡಿಸುತ್ತಿದ್ದೆ.