ಹೊರಗಿನಿಂದ ಹಚ್ಚಿದ ಗಾಜು

ಪೀರಾಂಬಿ ಹೋದ ಮೇಲೆ ವಿದ್ಯಾವತಿಗೆ ಬಹಳ ದಿನ ಪುಸ್ತಕ ಹಿಡಿಯಲು ಮನಸ್ಸಾಗಲಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ಓದದೆ ಮಲಗಿದವಳಲ್ಲ. ಆದರೂ ಪುಟ ತೆರೆದರೆ ಸಾಲುಗಳು ಕಣ್ಣಿನ ಕೆಳಗೆ ಸುಮ್ಮನೆ ಹರಿದುಹೋಗುತ್ತಿದ್ದವು. ಸಾವಿನ ಬಗ್ಗೆ ಬಲ್ಲವರು ಬರೆದದ್ದನ್ನು ಅವಳು ಸಾಕಷ್ಟು ಓದಿದ್ದಳು. ಬೆಳಿಗ್ಗೆ ಎದ್ದು ಎದುರು ಮನೆಯ ಖಾಲಿ ಕಟ್ಟೆಯನ್ನು ನೋಡುವುದು ಹೇಗೆಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅಳು ಕಡಿಮೆಯಾದಂತೆ ಮೇಲಿಂದ ಮೇಲೆ ನೆನಪಾಗತೊಡಗಿದ್ದು ಭಟ್ಟಿಯ ಗಾಜು ಒಡೆದ ಆ ರಂಜಾನ್ ತಿಂಗಳು. ನೆನೆದಾಗಲೆಲ್ಲ ಮೊದಲು ನಗು ಬರುತ್ತಿತ್ತು. ಇಂಥವಳ ಎದುರು ಮನೆಯಲ್ಲಿ ಇಷ್ಟು ವರ್ಷ ಇರಲು ಸಿಕ್ಕಿತಲ್ಲ ಎಂದು ಆಮೇಲೆ ಅನಿಸುತ್ತಿತ್ತು.

ಪೀರಾಂಬಿ ಬಬಲೇಶ್ವರದ ಮಗಳು, ತಿಕೋಟಾದ ಸೊಸೆ. ಗಂಡ ದಾದಾಸಾಬ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜಿನಲ್ಲಿ ಪೆಟ್ಟಿಗೆ ತೂಗುವ ಕೆಲಸದವನು, ಮಾತು ಕಡಿಮೆ. ಆ ಕೊರತೆಯನ್ನು ಪೀರಾಂಬಿ ತುಂಬಿಕೊಡುತ್ತಿದ್ದಳು. ಮದುವೆಯಾಗಿ ಬಂದವಳು ಬಹಳ ವರ್ಷ ಓಣಿಯ ಹೆಂಗಸರಿಗೆಲ್ಲ ಜಂಪರು ಹೊಲಿದಳು. ಆಮೇಲೆ ವಿಜಯಪುರದಲ್ಲಿ ಒಂದು ಬೇಕರಿ ಮುಚ್ಚುತ್ತಿದೆ ಎಂದು ಕೇಳಿ, ಅಲ್ಲಿಯ ಹಳೆಯ ಕರೆಂಟಿನ ಓವನ್ನನ್ನು ಟಂಟಂ ಗಾಡಿಯಲ್ಲಿ ಹೇರಿಸಿ ತಂದಳು. ಓಣಿಯ ಬಾಯಲ್ಲಿ ಅದು ಭಟ್ಟಿಯಾಯಿತು. ಸೊಂಟದೆತ್ತರ, ಕೆಳಕ್ಕೆ ತೆರೆಯುವ ಸ್ಟೀಲಿನ ಬಾಗಿಲು, ಬಾಗಿಲ ನಡುವೆ ಅಗಲವಾದ ಗಾಜು, ಒಳಗೊಂದು ದೀಪ.

"ಜಂಪರ್ ಹೊಲದ್ರ ಕಂಕುಳ ಬಿಗಿ ಆತು ಅಂತ ವಾಪಸ್ ತರ್ತಾರ. ಬಿಸ್ಕೀಟ ತಿಂದ ಮ್ಯಾಲ ಯಾರ ವಾಪಸ್ ತರ್ತಾರ ಹೇಳ್ರಿ ಅಕ್ಕೋರ?" ಎಂದಿದ್ದಳು ಆವತ್ತು. ನಾಲ್ಕು ಜನರ ಮುಂದೆ ವಿದ್ಯಾವತಿ ಅವಳಿಗೆ ಅಕ್ಕೋರು. ಇಬ್ಬರೇ ಇದ್ದಾಗ ಬರೀ ವಿದ್ಯಾ.

ಹಬ್ಬ ಬಂತೆಂದರೆ ಆ ಓಣಿಯವರು ಬಿಸ್ಕತ್ತು ಕೊಳ್ಳುತ್ತಿರಲಿಲ್ಲ. ತಮ್ಮ ಮನೆಯ ಹಿಟ್ಟು, ತುಪ್ಪ, ಸಕ್ಕರೆ ಕಲಸಿ ನಾನ್‌ಖಟಾಯಿ ತಟ್ಟಿ, ತಗಡಿನ ತಾಟಿನಲ್ಲಿ ಜೋಡಿಸಿ, ಬಟ್ಟೆ ಮುಚ್ಚಿ ಪೀರಾಂಬಿಯ ಮನೆಗೆ ತರುತ್ತಿದ್ದರು. ರಂಜಾನಿಗೆ ಮುಸ್ಲಿಮರ ಮನೆಯವು, ದೀಪಾವಳಿಗೆ ಉಳಿದವರ ಮನೆಯವು. ತಾಟು ಅದಲುಬದಲಾಗಬಾರದೆಂದು ಒಬ್ಬರು ಮೇಲೆ ಚಾರೋಳಿ ಒತ್ತಿರುತ್ತಿದ್ದರು, ಒಬ್ಬರು ಗೋಡಂಬಿ ಚೂರು, ಇನ್ನೊಬ್ಬರು ಬರೀ ಹೆಬ್ಬೆರಳ ಗುರುತು. ಒಂದು ಮನೆಯದು ಗೋಧಿ, ಇನ್ನೊಂದರದು ಮೈದಾ, ಮತ್ತೊಂದರದು ರವೆ. ಒಬ್ಬರು ದಪ್ಪ ತಟ್ಟುತ್ತಿದ್ದರು, ಒಬ್ಬರು ತೆಳ್ಳಗೆ. ಗಡಿಯಾರ ನೋಡಿ ತೆಗೆಯುತ್ತೇನೆಂದರೆ ಒಂದು ಹಸಿ ಉಳಿಯುತ್ತಿತ್ತು, ಇನ್ನೊಂದು ಸೀಯುತ್ತಿತ್ತು. ರೋಜಾ ಉಪವಾಸ ಹಿಡಿದವಳು ಚೂರು ಮುರಿದು ಬಾಯಿಗೆ ಹಾಕಿ ನೋಡುವಂತೆಯೂ ಇರಲಿಲ್ಲ. ಆದರೂ ಪೀರಾಂಬಿಯ ಕೈಯಲ್ಲಿ ಯಾರ ತಾಟೂ ಕೆಡುತ್ತಿರಲಿಲ್ಲ.

"ಬರೀ ವಾಸನಿ ಮ್ಯಾಲ ತೆಗಿತಾಳ. ಆಕಿ ಮೂಗು ಅಂದ್ರ ಏನಂತ ತಿಳದೀರಿ!" ಎಂದು ಓಣಿಯ ಹಿರಿಯಳು ಮಾಶಾಬಿ ಬಂದಬಂದವರಿಗೆ ಹೇಳುತ್ತಿದ್ದಳು. ಪೀರಾಂಬಿ ನಕ್ಕು ಮುಂದಿನ ತಾಟು ಎತ್ತಿಕೊಳ್ಳುತ್ತಿದ್ದಳು.

ಗಾಜು ಒಡೆದದ್ದು ರಂಜಾನ್ ಶುರುವಾದ ವಾರದಲ್ಲಿ. ಬಿಸಿ ತಾಟು ಎಳೆಯುವಾಗ ಅದು ಕೈಜಾರಿ, ತೆರೆದ ಬಾಗಿಲಿನ ಗಾಜಿಗೆ ಮೂಲೆ ತಾಗಿತು. ದೊಡ್ಡ ಪೆಟ್ಟೇನೂ ಅಲ್ಲ. ಆದರೆ ಇಡೀ ಗಾಜು ಒಮ್ಮೆಲೇ ಕಲ್ಲುಸಕ್ಕರೆಯ ಹಾಗೆ ಪುಡಿಯಾಗಿ ಅವಳ ಕಾಲ ಸುತ್ತ ಸುರಿಯಿತು. ರಿಪೇರಿಯವನು ಬಂದು ನೋಡಿ, ಈ ಮಾಡೆಲ್ಲಿನ ಸಾಮಾನು ಈಗ ಬರುವುದಿಲ್ಲ, ಹೊಸದು ತಗೊಳ್ಳಿ ಎಂದು ಹೇಳಿ ಹೋದ. ಪಕ್ಕದ ಮನೆಯ ಶಿವಯೋಗೆಪ್ಪ ದ್ರಾಕ್ಷಿ ತೋಟದವರು, ಎಂಥ ಸಾಮಾನು ಕೆಟ್ಟರೂ ತಾವೇ ತಂತಿ ಬಿಗಿದು ನಡೆಸುವವರು.

"ಇದಕ್ಕ್ಯಾಕ ಚಿಂತಿ ಮಾಡತಿ ತಂಗಿ? ಒಂದು ತಗಡ ಹೊಡದ್ರ ಮುಗೀತು," ಎಂದರು. "ನಿನಗೇನು ನೋಡೂದು ಬೇಕಾಗಿಲ್ಲ. ಮೂಗು ಐತಲ್ಲ!"

ನಿಂತವರೆಲ್ಲ ಹೌದೌದು ಎಂದರು. ಮಾತಿಗೆ ಮಾತು ಜೋಡಿಸುವ ಪೀರಾಂಬಿ ಅಂದು ಎದ್ದು ಒಳಗೆ ಹೋದಳು. ಶಿವಯೋಗೆಪ್ಪ ಅಂದೇ ಶೆಡ್ಡಿನಿಂದ ತಗಡು ತಂದು ಅಳತೆಗೆ ಕತ್ತರಿಸಿ, ಗಾಜಿದ್ದ ಜಾಗಕ್ಕೆ ಸ್ಕ್ರೂ ಹಾಕಿ ಕೊಟ್ಟರು.

ಮರುದಿನ ಸಂಜೆ ವಿದ್ಯಾವತಿ ಕಿಟಕಿಯ ಹತ್ತಿರ ಕುಳಿತು ಪರೀಕ್ಷೆಯ ಪೇಪರು ತಿದ್ದುತ್ತಿದ್ದಳು. ಸುಟ್ಟ ಹಿಟ್ಟಿನ ಘಾಟು ಮೂಗಿಗೆ ಬಡಿಯಿತು. ತನ್ನ ಅಡುಗೆಮನೆ ನೋಡಿದಳು, ಅಲ್ಲಿ ಏನೂ ಇಲ್ಲ. ಚಪ್ಪಲಿ ಕೂಡ ಮೆಟ್ಟದೆ ಎದುರು ಮನೆಗೆ ಓಡಿದರೆ, ಪೀರಾಂಬಿ ಭಟ್ಟಿಯ ಮುಂದೆಯೇ ಕಾಲು ಚಾಚಿ ಕುಳಿತು ಇಫ್ತಾರಿಗೆ ಖರ್ಜೂರದ ಬೀಜ ಬಿಡಿಸುತ್ತಿದ್ದಳು. ಹೊಗೆ ಇನ್ನೂ ಹೊರಗೆ ಕಾಣುತ್ತಿರಲಿಲ್ಲ. ಘಾಟು ಮಾತ್ರ ಕೋಣೆಯಲ್ಲಿ ನಿಲ್ಲಲಾರದಷ್ಟು.

"ಪೀರಾ! ಸುಟ್ಟೋತಲ್ಲ ಬೇ!"

ಪೀರಾಂಬಿ ಬೆಚ್ಚಿಬಿದ್ದು ಬಾಗಿಲು ತೆರೆದಳು. ಒಳಗಿನದೆಲ್ಲ ಇದ್ದಲಾಗಿತ್ತು. ಪುಣ್ಯಕ್ಕೆ ಅವಳದೇ ಮನೆಯ ಹಿಟ್ಟು, ತಗಡಿನ ಬಾಗಿಲು ಹೇಗೆ ಕೆಲಸ ಮಾಡುತ್ತದೆಂದು ನೋಡಲು ಇಟ್ಟದ್ದು.

"ಮೂಗು ಕಟ್ಟೇತೇನ ನಿಂದು?"

"ಕಟ್ಟಿಲ್ಲ," ಎಂದಳು ಪೀರಾಂಬಿ, ತಾಟು ಕೆಳಗಿಡುತ್ತ. "ಹೋಗೇತಿ."

ಕೊರೋನಾ ಆದಾಗ ಎಲ್ಲರಿಗೂ ಹೋದಂತೆ ಅವಳಿಗೂ ವಾಸನೆ ಹೋಗಿತ್ತು. ಎಲ್ಲರಿಗೂ ತಿರುಗಿ ಬಂತು, ಅವಳಿಗೆ ಬರಲಿಲ್ಲ. "ಮಲ್ಲಿಗಿ ಹೂವೂ ಅಷ್ಟ, ಗಟಾರಾನೂ ಅಷ್ಟ. ಒಂದು ಲೆಕ್ಕಕ್ಕ ಛಲೋನ ಆತು, ಇವ್ರ ಕಾಲಚೀಲ ನಾನ ಒಗಿತೇನಲ್ಲ," ಎಂದು ನಗಲು ಹೋದಳು. ನಗು ಬರಲಿಲ್ಲ. ದಾದಾಸಾಬನಿಗೂ ಹೇಳಿರಲಿಲ್ಲ.

"ಮತ್ತ ಇಷ್ಟ ದಿನ ಹೆಂಗ ಬೇಯಿಸಿದಿ?"

"ಕಣ್ಣಿಂದ. ಗಾಜಿನ್ಯಾಗ ನೋಡತಿದ್ದೆ. ಮೊದಲ ಮೈ ಬಿರಿತೈತಿ, ಆಮ್ಯಾಲ ಅಂಚಿಗೆ ಗೋಧಿ ಬಣ್ಣ ಏರತೈತಿ. ಅಷ್ಟೊತ್ತಿಗೆ ತಗದುಬಿಡತಿದ್ದೆ. ಈಗ ತಗಡು ನೋಡಕೋತ ಕುಂತರ ಏನ ಕಾಣತೈತಿ?"

"ಹೇಳಬಾರದಾಗಿತ್ತೇನ?"

"ಏನಂತ ಹೇಳ್ಲಿ ವಿದ್ಯಾ? ಮೂಗಿಲ್ಲದಾಕಿ ಭಟ್ಟಿ ಇಟ್ಟಾಳ ಅಂತ? ಅವರ ಮನಿ ತುಪ್ಪ ಅದು, ವರ್ಷದ ಹಬ್ಬ. ಯಾರ ತಾಟ ತರ್ತಾರ? ತಾಟ ಬರಲಿಲ್ಲ ಅಂದ್ರ ಯಾರ ಬರ್ತಾರ?" ಖಾಲಿ ಕಟ್ಟೆಯತ್ತ ನೋಡಿದಳು. "ಹಬ್ಬಕ್ಕ ಇಲ್ಲಿ ಕಾಲಿಡಾಕ ಜಾಗಾ ಇರಂಗಿಲ್ಲ. ಅದು ಇಲ್ಲದ ನಾ ಹೆಂಗ ಇರ್ಲಿ?"

ವಿದ್ಯಾವತಿ ಬಗ್ಗಿ ತಗಡಿನ ಸ್ಕ್ರೂಗಳನ್ನು ನೋಡಿದಳು. "ಹಂಗಾದ್ರ ಗಾಜ ಹಾಕಬೇಕು. ನಾವ ಹಾಕೋಣು," ಎಂದಳು. ಸ್ಕ್ರೂಡ್ರೈವರನ್ನು ಅವಳು ಅದುವರೆಗೆ ಹಿಡಿದದ್ದು ಕನ್ನಡಕದ ಕಡ್ಡಿ ಬಿಗಿಯಲು ಮಾತ್ರ.

ಪ್ಲಗ್ ತೆಗೆದು, ಭಟ್ಟಿ ಪೂರ್ತಿ ತಣ್ಣಗಾದ ಮೇಲೆ ಇಬ್ಬರೂ ತಗಡು ಬಿಚ್ಚಿದರು. ಗಾಜು ಕೂರುವ ಸಂದಿನಲ್ಲಿ ಉಳಿದ ಹರಳುಗಳನ್ನು ಹಳೆಯ ಬ್ರಶ್ಶಿನಿಂದ ಬಳಿದರು. ಗಾಜಿನ ಸುತ್ತ ಇದ್ದ ಬಿಳಿ ಹಗ್ಗ, ಬೆಂಕಿಗೆ ಸುಡದಂಥದ್ದು, ಹಾಳಾಗಿರಲಿಲ್ಲ, ಅದನ್ನು ತೆಗೆದಿಟ್ಟರು. ವಿದ್ಯಾವತಿ ಟೇಪು ಹುಡುಕುವಷ್ಟರಲ್ಲಿ ಪೀರಾಂಬಿ ಬಾಗಿಲ ಕಿಂಡಿಗೆ ಪೇಪರಿನ ಹಾಳೆ ಒತ್ತಿ, ಉಗುರಿನಿಂದ ಗೆರೆ ಎಳೆದು, ಜಂಪರಿನ ಅಳತೆಗೆ ಕತ್ತರಿಸುವಂತೆ ಸರಸರನೆ ಕತ್ತರಿಸಿಬಿಟ್ಟಿದ್ದಳು. ಆ ಕಾಗದ ಮಡಚಿಕೊಂಡು ಇಬ್ಬರೂ ವಿಜಯಪುರದ ಬಸ್ಸು ಹತ್ತಿದರು.

ಗಾಜಿನ ಅಂಗಡಿಯವನು ಸಮಾಧಾನದ ಮನುಷ್ಯ. "ಕಿಡಕಿ ಗಾಜು ಕಾವಿಗೆ ನಿಲ್ಲಂಗಿಲ್ರಿ ಅಕ್ಕಾರ, ಸೀಳತೈತಿ. ಟಫನ್ ಗಾಜು ಬೇಕು. ಅದನ್ನ ಮೊದಲ ಕೊಯ್ದು ಆಮ್ಯಾಲ ಫ್ಯಾಕ್ಟರ್‍ಯಾಗ ಕಾಸ್ತಾರ. ಕಾಸಿದ ಮ್ಯಾಲ ಒಂದು ಎಳಿನೂ ಕೊಯ್ಯಾಕ ಬರಂಗಿಲ್ಲ. ಕೊಯ್ಯಾಕ ಹೋದ್ರ ಪುಡಿ ಪುಡಿ. ಅಳತಿ ಬರೋಬ್ಬರಿ ಐತೆಲ್ರಿ?"

"ಇಡೀ ಓಣಿ ಅಳತಿ ತಗದ ಕೈ ಐತಿ ಇದು," ಎಂದಳು ಪೀರಾಂಬಿ.

ಗಾಜು ಬಂದಾಗ ಹಬ್ಬ ಹತ್ತಿರವಾಗಿತ್ತು. ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಇಬ್ಬರ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬಂದರು. "ಏನ್ರಿ, ಕೂಸು ಮಲಗೇತೇನು? ಅರ್ಧ ಟಿಕೀಟ ತಗೀರಿ," ಎಂದ ಕಂಡಕ್ಟರ್. "ಇದು ಎದ್ದು ಅತ್ತರ ನಿಮ್ಮ ಬಸ್ಸನ್ಯಾಗ ಯಾರೂ ಬರಿಗಾಲಲೆ ಇಳಿಯಂಗಿಲ್ಲ, ಸಾವಕಾಶ ಓಡಿಸಾಕ ಹೇಳ್ರಿ," ಎಂದಳು ಪೀರಾಂಬಿ.

ಮನೆಗೆ ಬಂದು ಕೂರಿಸಿದರೆ ಗಾಜು ಕೂರಲಿಲ್ಲ. ಉದ್ದಕ್ಕಿಟ್ಟರು, ತಿರುಗಿಸಿಟ್ಟರು. ನಾಲ್ಕೂ ಕಡೆ ಅರ್ಧ ಬೆರಳು ಹೆಚ್ಚು. ಅಂಗಡಿಯವನನ್ನು ಬೈಯಬೇಕೆಂದು ವಿದ್ಯಾವತಿ ಕಾಗದ ಹಿಡಿದು ನೋಡಿದಳು. ಕಾಗದ ಗಾಜಿಗೆ ಸರಿಯಾಗಿತ್ತು. ಪೀರಾಂಬಿ ಎರಡನ್ನೂ ದಿಟ್ಟಿಸಿ ನೋಡಿದವಳು ಹಣೆ ಚಚ್ಚಿಕೊಂಡಳು.

"ಯಾ ಅಲ್ಲಾ! ಹೊಲಿಗಿಗೆ ಬಿಟ್ಟೇನಿ!"

ಬಟ್ಟೆ ಕತ್ತರಿಸುವಾಗ ಒಳಗೆ ಮಡಚಿ ಹೊಲಿಯಲು ಸುತ್ತಲೂ ಅರ್ಧ ಬೆರಳು ಬಿಡುತ್ತಾರೆ. ವರ್ಷಗಟ್ಟಲೆ ಬಿಟ್ಟು ಬಿಟ್ಟು ಕೈಗೆ ಅದೇ ರೂಢಿ. ಗಾಜಿಗೂ ಬಿಟ್ಟಿತ್ತು. ವಿದ್ಯಾವತಿಗೆ ನಗು ತಡೆಯಲಾಗಲಿಲ್ಲ. ಪೀರಾಂಬಿಯೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಗುತ್ತ ನಗುತ್ತಲೇ ಅವಳ ಕಣ್ಣು ತುಂಬಿದವು. ಇನ್ನೊಂದು ಗಾಜು ಮಾಡಿಸಿದರೆ ಅದು ಬರುವುದು ಹಬ್ಬ ಕಳೆದ ಮೇಲೆ.

ಅವಳು ಗಾಜಿನ ಅಂಚಿನ ಸುತ್ತ ಬೆರಳಾಡಿಸಿದಳು. ಆಮೇಲೆ ಎದ್ದು ಅದನ್ನು ಬಾಗಿಲಿನ ಹೊರಮೈಗೆ ಒತ್ತಿ ಹಿಡಿದಳು. ಕಿಂಡಿ ಪೂರ್ತಿ ಮುಚ್ಚಿತು, ಸುತ್ತಲೂ ಅಂಚು ಉಳಿಯಿತು.

"ಒಳಗ ಕುಂಡ್ರಲಿಲ್ಲಂದ್ರ ಬಿಡು. ಅಂಗಿಗೆ ಕಿಸೆ ಹಚ್ಚಿದಂಗ ಹೊರಗ ಹಚ್ಚೂದು."

ಶಿವಯೋಗೆಪ್ಪನವರಿಂದ ಡ್ರಿಲ್ ಮಷೀನು, ನಾಲ್ಕು ಸ್ಟೀಲ್ ಪಟ್ಟಿ ಬಂದವು. "ಭೇಷ್ ತಗಡ ಹೊಡದ ಕೊಟ್ಟಿದ್ನೆಲ್ಲ, ಮತ್ಯಾಕ ಹೈರಾಣ?" ಎಂದು ಗೊಣಗಿದರೂ ಪಟ್ಟಿಯ ಅಂಚನ್ನು ಮಣಿಸಿ ಕೊಟ್ಟರು. ತೂತು ಕೊರೆದವಳು ವಿದ್ಯಾವತಿ. ಗಾಜಿನ ಹತ್ತಿರ ಹೋಗದೆ, ಅದರ ಆಚೆ ಬರೀ ಸ್ಟೀಲಿಗೆ. ಮೊದಲನೆಯ ತೂತಿಗೆ ಮಷೀನು ಜಾರಿ ಬಾಗಿಲ ಮೇಲೆ ಉದ್ದ ಗೀರು ಬಿತ್ತು. "ಇರ್ಲಿ, ಅಕ್ಕೋರ ಸಹಿ," ಎಂದಳು ಪೀರಾಂಬಿ. ಕಿಂಡಿಯ ಸುತ್ತ ಬಿಳಿ ಹಗ್ಗ ಹಾಸಿ, ಮೇಲೆ ಗಾಜು ಇಟ್ಟು, ಪಟ್ಟಿಗಳಿಂದ ಹಿಡಿದು ಸ್ಕ್ರೂ ಹಾಕಿದರು. ಕಾವಿಗೆ ಹಿಗ್ಗಲು ಜಾಗವಿರಲಿ ಎಂದು ಪೂರ್ತಿ ಬಿಗಿಯಲಿಲ್ಲ. ಖಾಲಿ ಭಟ್ಟಿಯನ್ನು ಮೆಲ್ಲಗೆ ಕಾಯಿಸಿ, ಇಬ್ಬರೂ ಕೋಣೆಯ ಬಾಗಿಲ ಮರೆಯಲ್ಲಿ ನಿಂತು ಇಣುಕಿದರು. ಗಾಜು ನಿಂತಿತು. ಒಳಗಿನ ದೀಪ ಚೆನ್ನಾಗಿ ಕಾಣುತ್ತಿತ್ತು.

ಅಲ್ಲಿಗೆ ಮುಗಿಯಿತೆಂದು ವಿದ್ಯಾವತಿ ತಿಳಿದಿದ್ದಳು. ಗುಟ್ಟು ಗುಟ್ಟಾಗಿಯೇ ಉಳಿಯಬಹುದಿತ್ತು. ಆದರೆ ಹಬ್ಬದ ಹಿಂದಿನ ದಿನ ಮಧ್ಯಾಹ್ನ, ಪಡಸಾಲೆಯಿಂದ ಕಟ್ಟೆಯವರೆಗೆ ತಾಟು ಹಿಡಿದ ಹೆಂಗಸರು ತುಂಬಿದ್ದಾಗ, ಪೀರಾಂಬಿ ಭಟ್ಟಿಯ ಮುಂದೆ ಎದ್ದು ನಿಂತಳು.

"ತಾಟ ಇಡೂಕಿಂತ ಮೊದಲ ಒಂದು ಮಾತು. ನನಗ ವಾಸನಿ ಹತ್ತಂಗಿಲ್ಲ. ಕೊರೋನಾ ಆದಾಗಿಂದ ಇಲ್ಲ. ನಿಮ್ಮ ತಾಟೆಲ್ಲ ಕಣ್ಣಲೆ ನೋಡಿ ತಗದೇನಿ. ನಂಬಿಕಿ ಇದ್ರ ಇಡ್ರಿ, ಇಲ್ಲಾಂದ್ರ ನಂದೇನ ಬ್ಯಾಸರಿಲ್ಲ."

ಮಾಶಾಬಿ ಮೊಣಕಾಲು ಹಿಡಿದು ಮೆಲ್ಲಗೆ ಎದ್ದಳು. ತನ್ನ ತಾಟು ಎತ್ತಿಕೊಂಡಳು. ಹೊರಟೇಬಿಟ್ಟಳೆಂದು ವಿದ್ಯಾವತಿ ತಿಳಿದಳು. ಮುದುಕಿ ಹೆಂಗಸರನ್ನು ದಾಟಿಕೊಂಡು ಬಂದು ತಾಟನ್ನು ಪೀರಾಂಬಿಯ ಕೈಗೆ ಕೊಟ್ಟಳು.

"ಸುಳ್ಳಿ! ನಿನ್ನ ಮೂಗಿನ ಗುಣಾ ಹಾಡಿ ಹಾಡಿ ನನ್ನ ಗಂಟಲಾ ಬಿತ್ತು. ಕಣ್ಣು ಅಂತ ಮೊದಲ ಹೇಳಿದ್ರ ಕಣ್ಣಿನ ಗುಣಾ ಹಾಡತಿದ್ನಿಲ್ಲೋ? ಹಿಡಿ, ಮೊದಲ ನಂದು ಇಡು. ಇಷ್ಟ ಮಂದಿ ಕುಂತೇವಿ, ಮೂಗಿಗೇನ ಬರ ಬಂದೇತೇನು ಇಲ್ಲಿ?"

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ತನಗೂ ಅರ್ಧ ವಾಸನೆ ಅಷ್ಟೇ ಹತ್ತುತ್ತದೆ ಎಂದು ಒಬ್ಬಳು, ತನ್ನ ಗಂಡನಿಗೆ ರುಚಿಯೇ ತಿಳಿಯುವುದಿಲ್ಲ, ಏನು ಹಾಕಿದರೂ ತಿನ್ನುತ್ತಾನೆ ಎಂದು ಇನ್ನೊಬ್ಬಳು. ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡ ದಾದಾಸಾಬ ಒಳಗೆ ಹೋಗಿ ತನ್ನ ಕಾಲುಚೀಲಗಳನ್ನು ತಾನೇ ಒಗೆಯಲು ಕುಳಿತ. ಪೀರಾಂಬಿ ಮಂಡಿಯೂರಿ ಗಾಜಿನೊಳಗೆ ನೋಡುತ್ತಿದ್ದಳು. ಮುಖದ ಮೇಲೆ ದೀಪದ ಹಳದಿ ಬೆಳಕು. ನಾನ್‌ಖಟಾಯಿಗಳ ಮೈ ಬಿರಿಯಿತು, ಅಂಚಿಗೆ ಬಣ್ಣ ಏರಿತು. ತಾಟು ಹೊರಗೆ ಬಂತು.

ಅವಳು ಒಂದನ್ನು ಮುರಿದು ವಿದ್ಯಾವತಿಯ ಮೂಗಿನ ಮುಂದೆ ಹಿಡಿದಳು. "ನೀ ಹೇಳು. ಹೆಂಗೈತಿ?"

ಮಸ್ತ್ ಐತಿ ಎನ್ನಬಹುದಿತ್ತು. ಆದರೆ ಆ ಕಣ್ಣುಗಳು ನಿಜವನ್ನೇ ಕೇಳುತ್ತಿದ್ದವು. "ತುಪ್ಪ ಛಲೋ ಐತಿ. ಏಲಕ್ಕಿ ಒಂದೀಟ ಹೆಚ್ಚಾಗೇತಿ," ಎಂದಳು ವಿದ್ಯಾವತಿ ಮೆಲ್ಲಗೆ.

ಪೀರಾಂಬಿಯ ಮುಖ ಅರಳಿತು. "ಕೇಳಿದ್ಯಾ ಮಾಶಾಬಿ? ಅಕ್ಕೋರು ಏಲಕ್ಕ್ಯಾಗ ನಿನ್ನ ಮಾರ್ಕ್ಸ್ ಕಡದ್ರು!" ಎಂದು ಕೂಗಿ, ವಿದ್ಯಾವತಿಯ ಕೈ ಹಿಡಿದೆಳೆದು ಭಟ್ಟಿಯ ಪಕ್ಕ ತನ್ನ ಮಗ್ಗುಲಿಗೆ ಕೂರಿಸಿಕೊಂಡಳು. "ಏಳಬ್ಯಾಡ ಇನ್ನ. ಮುಂದಿನ ತಾಟ ಬರ್ಲಿ."